ಐದು ಗಂಟೆಗೆ ಮುಚ್ಚುವ ಬಾಗಿಲು



ಈ ಊರಿನಲ್ಲಿ ದುಡಿಯುವವರಿಗೆ ಸ್ವಂತದ ಹೊತ್ತು ಎಂದು ಸಿಗುವುದು ಸಂಜೆ ಆರರ ಮೇಲೆ. ಅಷ್ಟರಲ್ಲಿ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬೀಗ ಬಿದ್ದು ಒಂದು ಗಂಟೆಯಾಗಿರುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ತೆರೆದು ಸಂಜೆ ಐದಕ್ಕೆ ಮುಚ್ಚುವುದು ಅಲ್ಲಿಯ ಕ್ರಮ. ಹತ್ತಾರು ವರ್ಷ ಚೆನ್ನೈಯಲ್ಲಿದ್ದೂ ಅದರೊಳಗೆ ಕಾಲಿಡದ ಕನ್ನಡಿಗರು ನಮ್ಮ ನಡುವೆ ಎಷ್ಟು ಮಂದಿಯಿಲ್ಲ! ಅವರಿಗೆ ಕಲೆಯಲ್ಲಿ ಆಸಕ್ತಿ ಇಲ್ಲವೆಂದಲ್ಲ, ಹೊತ್ತು ಹೊಂದುವುದಿಲ್ಲ.

ಈ ತೊಡಕಿಗೆ ಬೇರೆ ಊರುಗಳು ದಾರಿ ಹುಡುಕಿವೆ. ಬರ್ಲಿನ್ ನಗರ 1997ರಲ್ಲಿ ‘ಮ್ಯೂಸಿಯಂಗಳ ದೀರ್ಘ ರಾತ್ರಿ’ಯನ್ನು ಆರಂಭಿಸಿತು. ಪ್ಯಾರಿಸ್ 2002ರಲ್ಲಿ ಇಡೀ ರಾತ್ರಿಯ ಉಚಿತ ಕಲಾ ಉತ್ಸವ ನಡೆಸಿತು. ನಮ್ಮ ಮುಂಬಯಿಯಲ್ಲೂ 2010ರ ದಶಕದಲ್ಲಿ ಕೊಲಾಬಾ ಸುತ್ತಮುತ್ತಲ ಗ್ಯಾಲರಿಗಳು ತಿಂಗಳ ಎರಡನೆಯ ಗುರುವಾರ ತಡವಾಗಿ ಬಾಗಿಲು ಮುಚ್ಚುವ ಪದ್ಧತಿ ತಂದವು. ಆಫೀಸು ಬಿಟ್ಟವರು ಒಂದು ಗ್ಯಾಲರಿಯಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗಿ ಚಿತ್ರ ನೋಡಬಹುದು.

ಆದರೆ ಇದು ಇತ್ತೀಚಿನ ಯೋಚನೆಯಲ್ಲ. 1857ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಮ್ಯೂಸಿಯಂ ತೆರೆದಾಗಲೇ ಅಲ್ಲಿ ಗ್ಯಾಸ್ ದೀಪ ಹಾಕಿದ್ದರು. ಹಗಲೆಲ್ಲ ದುಡಿಯುವ ಜನ ಸಂಜೆ ಬರಲಿ ಎಂಬುದೇ ಉದ್ದೇಶ. ಹೆಂಡದಂಗಡಿಗೆ ಹೋಗುವ ಕೂಲಿಕಾರ ಹೆಂಡತಿ ಮಕ್ಕಳೊಂದಿಗೆ ಇಲ್ಲಿಗೆ ಬರಲಿ ಎಂಬುದು ಅದರ ನಿರ್ದೇಶಕ ಹೆನ್ರಿ ಕೋಲ್ ಅವರ ಆಸೆಯಾಗಿತ್ತು. ಬ್ರಿಟಿಷ್ ಮ್ಯೂಸಿಯಂನವರಿಗೆ ಬೆಂಕಿಯ ಭಯ. ವಿದ್ಯುತ್ ದೀಪ ಬಂದ ಮೇಲೆ, 1890ರಲ್ಲಿ, ಅವರೂ ಸಂಜೆ ಬಾಗಿಲು ತೆರೆದರು.

ಈಗ ಮದರಾಸಿಗೆ ಬರೋಣ. ಎಗ್ಮೋರಿನ ಪ್ಯಾಂಥಿಯನ್ ರಸ್ತೆಯ ಹೆಸರಿನಲ್ಲೇ ಒಂದು ಕಥೆಯಿದೆ. 1778ರಲ್ಲಿ ಹಾಲ್ ಪ್ಲೂಮರ್ ಎಂಬ ಕಂಪನಿ ಅಧಿಕಾರಿಗೆ ಇಲ್ಲಿ 43 ಎಕರೆ ಜಾಗ ಸಿಕ್ಕಿತು. 1793ರಲ್ಲಿ ಆ ಜಾಗ 24 ಜನರ ಒಂದು ಸಮಿತಿಯ ಕೈ ಸೇರಿತು. ಊರಿನ ಮನರಂಜನೆಯ ಉಸ್ತುವಾರಿ ಆ ಸಮಿತಿಯದು. ಅಲ್ಲಿ ಔತಣ, ನಾಟಕ, ನೃತ್ಯಕೂಟಗಳು ನಡೆದವು. ಅಂದರೆ ಈ ಆವರಣಕ್ಕೆ ರಾತ್ರಿಯ ದೀಪಗಳು ಹೊಸತಲ್ಲ. ಆದರೆ ಆ ದೀಪಗಳು ಕಂಪನಿಯ ದೊರೆಗಳಿಗಾಗಿ ಉರಿದವು, ಊರ ಜನಕ್ಕಾಗಿ ಅಲ್ಲ.

ಮುಂದೆ ಒಬ್ಬ ಅರ್ಮೇನಿಯನ್ ವರ್ತಕನ ಕೈ ದಾಟಿದ ಈ ಜಾಗವನ್ನು 1830ರಲ್ಲಿ ಸರ್ಕಾರ ಕೊಂಡಿತು. ಕಾಲೇಜು ರಸ್ತೆಯಲ್ಲಿ 1851ರಲ್ಲಿ ಎಡ್ವರ್ಡ್ ಬಾಲ್ಫರ್ ಅವರ ಉಸ್ತುವಾರಿಯಲ್ಲಿ ಆರಂಭವಾಗಿದ್ದ ಮ್ಯೂಸಿಯಂ 1854ರಲ್ಲಿ ಇಲ್ಲಿಗೆ ಬಂತು. ಜನಸಾಮಾನ್ಯರಿಗೆ ಬಾಗಿಲು ತೆರೆಯಿತು, ಹಗಲು ಹೊತ್ತಿಗೆ. 1896ರಲ್ಲಿ ಇದೇ ಆವರಣದಲ್ಲಿ ಕನ್ನೆಮಾರಾ ಗ್ರಂಥಾಲಯವೂ ಮ್ಯೂಸಿಯಂ ಥಿಯೇಟರೂ ಬಂದವು. ಥಿಯೇಟರಿನಲ್ಲಿ ಸಂಜೆ ನಾಟಕ ನಡೆಯುತ್ತದೆ, ಪಕ್ಕದ ಗ್ಯಾಲರಿಗೆ ಮಾತ್ರ ಬೀಗ.

ಅದೇ ಆವರಣದ ಕೆಂಪು ಕಲ್ಲಿನ ವಿಕ್ಟೋರಿಯಾ ಸ್ಮಾರಕ ಭವನ ತೆರೆದದ್ದು 1909ರಲ್ಲಿ. 1951ರಲ್ಲಿ ಅದು ರಾಷ್ಟ್ರೀಯ ಕಲಾ ಗ್ಯಾಲರಿಯಾಯಿತು. 2002ರಲ್ಲಿ ಕಟ್ಟಡ ಶಿಥಿಲವಾಗಿದೆಯೆಂದು ಮುಚ್ಚಿದರು. ಅದರ ಶಿಲ್ಪಿ ಹೆನ್ರಿ ಇರ್ವಿನ್. ನಮ್ಮ ಮೈಸೂರಿನ ಅಂಬಾವಿಲಾಸ ಅರಮನೆಯನ್ನು ವಿನ್ಯಾಸ ಮಾಡಿದವರೂ ಇವರೇ. ಭಾನುವಾರ ಸಂಜೆ ಆ ಅರಮನೆಯಲ್ಲಿ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹತ್ತಿದಾಗ ಮೈದಾನದಲ್ಲಿ ನಿಂತ ಜನ ‘ಹೋ’ ಎನ್ನುವುದನ್ನು ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ. ಸಂಜೆ ಬೆಳಕು ಹಾಕಿದರೆ ಜನ ಬರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಮದರಾಸಿನ ಕಲಾವಿದರು ತಮ್ಮದೇ ಬಾಗಿಲನ್ನು ಕಟ್ಟಿಕೊಂಡ ಕಥೆಯೂ ಉಂಟು, ಅದರಲ್ಲಿ ಕನ್ನಡಿಗರ ಪಾಲೂ ಉಂಟು. ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕರ್ ಅವರ ಮುಂದಾಳತ್ವದಲ್ಲಿ ಕಲಾವಿದರು ಬಾಟಿಕ್ ಬಟ್ಟೆ ಮಾಡಿ ಮಾರಿದರು. ಆ ಹಣದಿಂದ ಇಂಜಂಬಾಕ್ಕಂ ಕಡಲ ದಂಡೆಯಲ್ಲಿ ಜಾಗ ಕೊಂಡು 1966ರಲ್ಲಿ ಚೋಳಮಂಡಲ ಕಲಾಗ್ರಾಮ ಸ್ಥಾಪಿಸಿದರು. ಮೈಸೂರಿನಲ್ಲಿ ಹುಟ್ಟಿ 1960ರಲ್ಲಿ ಮದರಾಸಿಗೆ ಕಲಿಯಲು ಬಂದ ಎಸ್.ಜಿ. ವಾಸುದೇವ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬರು. 1970ರ ‘ಸಂಸ್ಕಾರ’ ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರೂ ಅವರೇ. ಆ ಚಿತ್ರದ ಗಿರೀಶ್ ಕಾರ್ನಾಡರೂ ಆಗ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಕೆಲಸದಲ್ಲಿದ್ದವರು. ಕನ್ನಡದ ಹೊಸ ಅಲೆಯ ಸಿನಿಮಾಕ್ಕೆ ಈ ಊರೂ ಒಂದು ತವರು. ಚೋಳಮಂಡಲದವರು ಗ್ಯಾಲರಿಯೊಂದಿಗೆ ‘ಭಾರತಿ’ ಎಂಬ ಬಯಲು ರಂಗಮಂದಿರವನ್ನೂ ಕಟ್ಟಿಕೊಂಡರು. ಚಿತ್ರ, ಕವಿತೆ, ನಾಟಕ, ನೃತ್ಯ ಒಂದೇ ಅಂಗಳದಲ್ಲಿ ಕೂಡಿದವು. ಆ ಜಾಗ ಅವರದೇ ಆಗಿದ್ದರಿಂದ ಬಾಗಿಲು ಯಾವಾಗ ತೆರೆಯಬೇಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಸರ್ಕಾರಿ ಮ್ಯೂಸಿಯಂಗೆ ಅದು ಅಷ್ಟು ಸುಲಭವಲ್ಲ, ನಿಜ. ಕಾವಲಿನವರಿಗೆ ಹೆಚ್ಚಿನ ಸಂಬಳ ಕೊಡಬೇಕು. ಹೆಣ್ಣುಮಕ್ಕಳು ರಾತ್ರಿ ಮನೆ ಸೇರಲು ಬಸ್ಸು ಸಿಗಬೇಕು. ಹಳೆಯ ಜಲವರ್ಣ ಚಿತ್ರ, ಬಟ್ಟೆಗಳ ಬಣ್ಣ ಹೆಚ್ಚು ಹೊತ್ತಿನ ಬೆಳಕಿಗೆ ಮಾಸುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಕಂಚಿಗೆ ಆ ಭಯವಿಲ್ಲ. ಎಗ್ಮೋರಿನ ಹೆಮ್ಮೆಯೇ ಅಲ್ಲಿಯ ಕಂಚಿನ ಗ್ಯಾಲರಿ. ತಿರುವಾಲಂಗಾಡಿನ ನಟರಾಜ ಇರುವುದು ಅಲ್ಲೇ.

ಒಂದು ಮಾತು ಯೋಚಿಸಿ ನೋಡಿ. ಚೋಳರ ಕಾಲದ ಈ ಕಂಚಿನ ವಿಗ್ರಹಗಳು ಬಹುಪಾಲು ಉತ್ಸವಮೂರ್ತಿಗಳು. ಗರ್ಭಗುಡಿಯ ಒಳಗೆ ಬರಲಾಗದ ಜನಕ್ಕೂ ದರ್ಶನವಾಗಲಿ ಎಂದು ಬೀದಿಗೆ ಹೊರಡುವ ದೇವರುಗಳು. ಎಷ್ಟೋ ಉತ್ಸವಗಳು ಹೊರಡುವುದು ಕತ್ತಲಾದ ಮೇಲೆ, ದೀವಟಿಗೆಯ ಬೆಳಕಿನಲ್ಲಿ. ಜನರಿದ್ದಲ್ಲಿಗೆ, ಜನರ ಬಿಡುವಿನ ಹೊತ್ತಿಗೆ ತಾವೇ ಬರುತ್ತಿದ್ದ ದೇವರನ್ನು ನಾವು ಆಫೀಸಿನ ವೇಳೆಗೆ ಕಟ್ಟಿಹಾಕಿದ್ದೇವೆ. ಟಿಕೆಟ್ಟಿನ ದುಡ್ಡು ದೊಡ್ಡದಲ್ಲ. ಅರ್ಧ ದಿನದ ಕೂಲಿ ಬಿಟ್ಟು ಬರಬೇಕಾದವನಿಗೆ ಆ ಕೂಲಿಯೇ ನಿಜವಾದ ಟಿಕೆಟ್ಟು. ಹಾಗಾಗಿ ಪ್ರವೇಶ ಉಚಿತ ಎಂದು ಫಲಕ ಹಾಕಿದರೆ ಸಾಲದು, ವೇಳೆಯೂ ಅವನಿಗೆ ಹೊಂದಬೇಕು. ತಿಂಗಳಿಗೆ ಒಂದೇ ಸಂಜೆ, ಕಂಚಿನ ಗ್ಯಾಲರಿಯೊಂದನ್ನೇ ಒಂಬತ್ತರವರೆಗೆ ತೆರೆದಿಟ್ಟರೂ ಆರಂಭಕ್ಕೆ ಸಾಕು.

ಅಂಥ ಸಂಜೆ ಬರುವವರೆಗೆ ಭಾನುವಾರವಿದೆ. ಎಗ್ಮೋರಿನ ಮ್ಯೂಸಿಯಂಗೆ ವಾರದ ರಜೆ ಶುಕ್ರವಾರ, ಭಾನುವಾರ ಅಲ್ಲ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಐದರೊಳಗೆ, ಮರೆಯಬೇಡಿ.