ಚುನಾವಣೆಯ ಪಣವೂ ಜನಮತ ಸಮೀಕ್ಷೆಯೂ: ಮಂಡ್ಯದ ಒಂದು ನಿದರ್ಶನ

ಚುನಾವಣೆಯ ಫಲವನ್ನು ಮುಂದಾಗಿ ಅರಿಯಬೇಕೆಂಬ ಕುತೂಹಲವು ಸಹಜವಾದುದು. ಈ ಕುತೂಹಲವು ಜನಮತ ಸಮೀಕ್ಷೆಯ ರೂಪವನ್ನು ತಾಳುವುದುಂಟು. ಬಾಜಿಯ ರೂಪವನ್ನು ತಾಳುವುದೂ ಉಂಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನಿಷೇಧಿಸಬೇಕೆಂಬ ವಾದವನ್ನು ಮಂಡ್ಯದ 2019ರ ಲೋಕಸಭಾ ಚುನಾವಣೆಯ ಬೆಳಕಿನಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

2018ರಲ್ಲಿ ಈ ಕ್ಷೇತ್ರದೊಳಗಿನ ಎಂಟು ವಿಧಾನಸಭಾ ಸ್ಥಾನಗಳೂ ಜಾತ್ಯತೀತ ಜನತಾದಳಕ್ಕೆ ದೊರೆತಿದ್ದವು. ಮರುವರ್ಷ ಆ ಪಕ್ಷದಿಂದ ಅಂದಿನ ಮುಖ್ಯಮಂತ್ರಿಗಳ ಪುತ್ರರಾದ ನಿಖಿಲ್ ಕುಮಾರಸ್ವಾಮಿಯವರೂ, ಪಕ್ಷೇತರರಾಗಿ ಸುಮಲತಾ ಅಂಬರೀಶ್ ಅವರೂ ಸ್ಪರ್ಧಿಸಿದರು. ಏಪ್ರಿಲ್ 18ರಂದು ಮತದಾನವಾಯಿತು. ಎಣಿಕೆ ನಡೆದುದು ಮೇ 23ರಂದು. ನಡುವೆ 35 ದಿನಗಳ ಅಂತರ. ಜನಪ್ರಾತಿನಿಧ್ಯ ಕಾಯಿದೆಗೆ 2009ರ ತಿದ್ದುಪಡಿಯಿಂದ ಸೇರಿದ 126ಎ ಕಲಮು, ದೇಶದ ಕೊನೆಯ ಹಂತದ ಮತದಾನವು ಮುಗಿಯುವ ಮೇ 19ರ ಸಂಜೆಯವರೆಗೆ ಮತಗಟ್ಟೆ ಸಮೀಕ್ಷೆಗಳ ಪ್ರಕಟಣೆಯನ್ನು ತಡೆದಿತ್ತು. ಲೆಕ್ಕ ಹೇಳುವ ಬಾಯಿ ಮುಚ್ಚಿತ್ತು. ಪಣ ಕಟ್ಟುವ ಕೈ ಬಿಚ್ಚಿಯೇ ಇತ್ತು. ಜಿಲ್ಲೆಯಲ್ಲಿ ಬಾಜಿಯ ಭರಾಟೆಯನ್ನು ಪತ್ರಿಕೆಗಳು ವರದಿಮಾಡಿದವು. ಸುಮಲತಾ ಅವರು 1,25,876 ಮತಗಳ ಅಂತರದಿಂದ ಗೆದ್ದರು. ಹಿಂದಿನ ವರ್ಷದ ಎಂಟು ಸ್ಥಾನಗಳ ಲೆಕ್ಕವನ್ನು ನಂಬಿ ಪಣ ಕಟ್ಟಿದ್ದವರು ಸೋತರು.

ಬಾಜಿಗೆ ಕಾನೂನಿನ ಆಶ್ರಯವಿಲ್ಲ. 1872ರ ಕರಾರು ಕಾಯಿದೆಯ 30ನೆಯ ಕಲಮಿನಂತೆ ಪಣದ ಒಪ್ಪಂದವು ಅನೂರ್ಜಿತ. ಗೆದ್ದವನು ನ್ಯಾಯಾಲಯದ ಮೂಲಕ ಹಣವನ್ನು ವಸೂಲು ಮಾಡಲಾರ. ಇದಕ್ಕೂ ಹಿಂದೆ, ಇಂಗ್ಲೆಂಡಿನ 1785ರ ಅಲೆನ್–ಹರ್ನ್ ಮೊಕದ್ದಮೆಯಲ್ಲಿ, ಇಬ್ಬರು ಮತದಾರರು ಮತದಾನಕ್ಕೆ ಮೊದಲೇ ಕಟ್ಟಿದ್ದ ಪಣವು ಅಸಿಂಧುವೆಂದು ತೀರ್ಮಾನವಾಯಿತು. ಅದರ ತತ್ತ್ವ ಸರಳ: ಪಣವು ಮತದಾರನ ಮನಸ್ಸನ್ನು ಕಟ್ಟಿಹಾಕುತ್ತದೆ. ಆದುದರಿಂದ ಮತದಾನಪೂರ್ವದ ಬಾಜಿಯು ಲಂಚದ ನೆರೆಯದು.

ಸಮೀಕ್ಷೆಯಾದರೋ ಅಭಿಪ್ರಾಯ ಸ್ವಾತಂತ್ರ್ಯಕ್ಕೆ ಸಂಬಂಧಿಸಿದುದು. 1998ರಲ್ಲಿ ಚುನಾವಣಾ ಆಯೋಗವು ಮಾರ್ಗಸೂಚಿಯ ಮೂಲಕ ಅದನ್ನು ನಿರ್ಬಂಧಿಸಿತು. ಶಾಸನದ ಬಲವಿಲ್ಲದ ಆ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು ಪ್ರಶ್ನಿಸಲು, 1999ರಲ್ಲಿ ಹಿಂತೆಗೆದುಕೊಂಡಿತು. ಸಮೀಕ್ಷೆಯು ತಪ್ಪಬಹುದು; ಆದರೆ ಎಷ್ಟು ಜನರನ್ನು, ಎಲ್ಲಿ, ಹೇಗೆ ಕೇಳಲಾಯಿತೆಂದು ವಿಚಾರಿಸಿ ಅದರ ತಪ್ಪನ್ನು ತೋರಿಸಬಹುದು. ಬಾಜಿಯಲ್ಲಿ ಅಂತಹ ವಿಚಾರಣೆಗೆ ಎಡೆಯಿಲ್ಲ.

ಮತದಾನವು ಮುಗಿದ ಮೇಲೆ ಕಟ್ಟಿದ ಪಣವು ಆ ಕ್ಷೇತ್ರದ ಮತವನ್ನು ಬದಲಿಸಲಾರದು, ನಿಜ. ಆದರೆ ಅದು ಮನೆಯನ್ನು ಮುರಿಯಬಲ್ಲುದು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೈರಿಯಿದೆ. ಈ ಸೀಮೆಯ ಎಷ್ಟೋ ಸಂಸಾರಗಳಿಗೆ ಹಾಲಿನ ಬಟವಾಡೆಯೇ ದಿನವೆಚ್ಚದ ಆಧಾರ. ಅಂತಹ ಮನೆಯ ಯಜಮಾನನು ಪಣಕ್ಕಿಡುವುದು ತನ್ನೊಬ್ಬನ ಹಣವನ್ನಲ್ಲ.

ಹೀಗೆ, ಸಮೀಕ್ಷೆಗೆ ಬೇಕಾದುದು ವಿಧಾನವನ್ನು ಬಹಿರಂಗಪಡಿಸುವ ನಿಯಮ ಮತ್ತು ಅಲ್ಪಕಾಲದ ಮೌನ. ಬಾಜಿಗೆ ಬೇಕಾದುದು ನಿಷೇಧವೇ ಎಂಬುದು ನಮ್ಮ ಅಭಿಪ್ರಾಯ.