ವಿದೇಶದಲ್ಲಿ ತಂತ್ರಜ್ಞಾನ ಉದ್ಯೋಗ: ಪದವಿ ಇಲ್ಲದ ಡಿಪ್ಲೊಮಾದಾರರಿಗೆ ಯಾವ ಬಾಗಿಲು ತೆರೆದಿದೆ?

ಮಾಹಿತಿ ತಂತ್ರಜ್ಞಾನ ಕ್ಷೇತ್ರದ ವಿದೇಶಿ ಉದ್ಯೋಗವೆಂದರೆ ಎಂಜಿನಿಯರಿಂಗ್ ಪದವೀಧರರ ಸ್ವತ್ತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪಾಲಿಟೆಕ್ನಿಕ್ ಡಿಪ್ಲೊಮಾ ಪಡೆದು ವರ್ಷಗಟ್ಟಲೆ ನೆಟ್‌ವರ್ಕ್, ಸರ್ವರ್ ಅಥವಾ ತಂತ್ರಾಂಶ ವಿಭಾಗಗಳಲ್ಲಿ ದುಡಿದವರಲ್ಲಿ ಅನೇಕರು ಈ ಕಾರಣದಿಂದಲೇ ಅರ್ಜಿ ಸಲ್ಲಿಸಲು ಹಿಂಜರಿಯುತ್ತಾರೆ. ಇಲ್ಲವೇ, ಪದವಿ ಪ್ರಮಾಣಪತ್ರವನ್ನೂ ತಾವೇ ಮಾಡಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳ ಕೈಗೆ ಸಿಲುಕುತ್ತಾರೆ. ಎರಡೂ ಅನಗತ್ಯ. ಕೆಲವು ದೇಶಗಳ ಕಾನೂನಿನಲ್ಲೇ ಪದವಿಯ ಕೊರತೆಯನ್ನು ಅನುಭವದಿಂದ ತುಂಬಿಕೊಳ್ಳುವ ದಾರಿಗಳಿವೆ. ಆದರೆ ಪ್ರತಿ ದೇಶದ ಲೆಕ್ಕಾಚಾರ ಬೇರೆ.

ಎರಡು ವರ್ಷದ ಪದವಿ ಎಂದರೇನು?

ಅಮೆರಿಕದ ಸಮುದಾಯ ಕಾಲೇಜುಗಳು 12ನೇ ತರಗತಿಯ ನಂತರ ಎರಡು ವರ್ಷದ ಅಸೋಸಿಯೇಟ್ ಪದವಿ ನೀಡುತ್ತವೆ. ಕೆನಡಾದ ಕಾಲೇಜುಗಳಲ್ಲಿ ಇದೇ ಅವಧಿಯ ಡಿಪ್ಲೊಮಾ ಇದೆ. ಕರ್ನಾಟಕದ ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷದ್ದಾದರೂ ಎಸ್ಸೆಸ್ಸೆಲ್ಸಿ ನಂತರ ಆರಂಭವಾಗುತ್ತದೆ. ಅದರ ಒಂದು ಭಾಗ ಪಿಯುಸಿ ಅವಧಿಗೆ ಸಮನಾಗುವುದರಿಂದ, ವಿದೇಶಿ ಮೌಲ್ಯಮಾಪನದಲ್ಲಿ ಮೂರೂ ವರ್ಷ ಉನ್ನತ ಶಿಕ್ಷಣವಾಗಿ ಪರಿಗಣಿತವಾಗದೆ ಹೋಗಬಹುದು. ಅಭ್ಯರ್ಥಿಗಳು ಮೊದಲು ಅರಿಯಬೇಕಾದ ಸಂಗತಿ ಇದು.

ಅಮೆರಿಕ: ಒಂದಕ್ಕೆ ಮೂರು

ಎಚ್-1ಬಿ ವೀಸಾಕ್ಕೆ ಸ್ನಾತಕ ಪದವಿ ಅಥವಾ ಅದಕ್ಕೆ ಸಮಾನವಾದ ಅರ್ಹತೆ ಬೇಕು. ಈ 'ಸಮಾನ' ಎಂಬ ಪದದಲ್ಲೇ ಅವಕಾಶವಿದೆ. ಕೊರತೆಯಾಗಿರುವ ಪ್ರತಿ ಒಂದು ವರ್ಷದ ಕಾಲೇಜು ಶಿಕ್ಷಣಕ್ಕೆ ಮೂರು ವರ್ಷದ ವಿಶೇಷ ತರಬೇತಿ ಅಥವಾ ಅನುಭವವನ್ನು ಪರಿಗಣಿಸಲು ನಿಯಮ ಅವಕಾಶ ನೀಡುತ್ತದೆ. ಎರಡು ವರ್ಷದ ಪದವಿ ಹೊಂದಿದವರಿಗೆ ಇನ್ನೆರಡು ವರ್ಷದ ಶಿಕ್ಷಣದ ಕೊರತೆಯಿರುತ್ತದೆ. ಅದನ್ನು ತುಂಬಲು ಆರು ವರ್ಷದ ಅನುಭವ ಬೇಕು. ಆ ಅನುಭವ ಅದೇ ಕ್ಷೇತ್ರದ್ದಾಗಿರಬೇಕು, ಪದವೀಧರ ಸಹೋದ್ಯೋಗಿಗಳೊಂದಿಗೆ ಗಳಿಸಿದ್ದಾಗಿರಬೇಕು, ಪರಿಣತಿಗೆ ಮಾನ್ಯತೆ ದೊರೆತಿರುವುದಕ್ಕೆ ದಾಖಲೆಯೂ ಇರಬೇಕು.

ಆದರೆ ಈ ಮಾರ್ಗ ಕಿರಿದಾಗಿದೆ. ವಾರ್ಷಿಕ ಮಿತಿ 65,000. ಅಮೆರಿಕದ ಸ್ನಾತಕೋತ್ತರ ಪದವೀಧರರಿಗೆ ಹೆಚ್ಚುವರಿ 20,000. ಇದಲ್ಲದೆ 2025ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಅಧ್ಯಕ್ಷೀಯ ಘೋಷಣೆಯು, ಅಮೆರಿಕದ ಹೊರಗಿರುವವರ ಹೊಸ ಅರ್ಜಿಗಳಿಗೆ ಒಂದು ವರ್ಷದ ಅವಧಿಗೆ 1,00,000 ಡಾಲರ್ ಶುಲ್ಕ ವಿಧಿಸಿತು. ಹಸಿರು ಕಾರ್ಡ್ ಹಂತದಲ್ಲಿಯೂ ಎಚ್ಚರ ಅಗತ್ಯ. ಇಬಿ-3 ವರ್ಗದ 'ವೃತ್ತಿಪರ' ವಿಭಾಗಕ್ಕೆ ಸ್ನಾತಕ ಪದವಿಯೇ ಬೇಕು. ಒಂದಕ್ಕೆ ಮೂರರ ಲೆಕ್ಕ ಅಲ್ಲಿ ನಡೆಯದು. ಕನಿಷ್ಠ ಎರಡು ವರ್ಷದ ತರಬೇತಿ ಅಥವಾ ಅನುಭವ ಬಯಸುವ ಹುದ್ದೆಗಳ 'ಕುಶಲ ಕಾರ್ಮಿಕ' ವಿಭಾಗ ಮಾತ್ರ ಇಂಥವರಿಗೆ ಉಳಿಯುತ್ತದೆ.

ಜರ್ಮನಿ: ಅನುಭವಕ್ಕೆ ಆದ್ಯತೆ

2023ರ ನವೆಂಬರ್‌ನಿಂದ 2024ರ ಜೂನ್‌ವರೆಗೆ ಹಂತಹಂತವಾಗಿ ಜಾರಿಗೆ ಬಂದ ಜರ್ಮನಿಯ ವಲಸೆ ಸುಧಾರಣೆಗಳು ಡಿಪ್ಲೊಮಾದಾರರ ಪಾಲಿಗೆ ಅತ್ಯಂತ ಗಮನಾರ್ಹ. ಇಲ್ಲಿ ಮೂರು ಮಾರ್ಗಗಳಿವೆ.

ಮೊದಲನೆಯದು ನೀಲಿ ಕಾರ್ಡ್. ಪದವಿ ಇಲ್ಲದಿದ್ದರೂ ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ, ಪದವಿ ಮಟ್ಟಕ್ಕೆ ಹೋಲುವ ಮಾಹಿತಿ ತಂತ್ರಜ್ಞಾನ ಅನುಭವವಿರುವವರು ಇದಕ್ಕೆ ಅರ್ಹರು. 2025ರಲ್ಲಿ ಇದಕ್ಕೆ ನಿಗದಿಯಾಗಿದ್ದ ಕನಿಷ್ಠ ವಾರ್ಷಿಕ ವೇತನ 43,759.80 ಯೂರೊ. ಈ ಮಿತಿ ಪ್ರತಿ ವರ್ಷ ಪರಿಷ್ಕೃತವಾಗುತ್ತದೆ.

ಎರಡನೆಯದು ತಂತ್ರಜ್ಞಾನ ಪರಿಣತರ ಸಾಮಾನ್ಯ ವೀಸಾ. ಕಳೆದ ಐದು ವರ್ಷಗಳಲ್ಲಿ ಎರಡು ವರ್ಷದ ಅನುಭವ ಸಾಕು. ಜರ್ಮನ್ ಭಾಷಾ ಪ್ರಮಾಣಪತ್ರ ಕಡ್ಡಾಯವಲ್ಲ. ಈ ಎರಡೂ ಮಾರ್ಗಗಳಿಗೆ ಉದ್ಯೋಗದ ಭರವಸೆ ಪತ್ರ ಮೊದಲೇ ಕೈಯಲ್ಲಿರಬೇಕು.

ಮೂರನೆಯದು 2024ರ ಜೂನ್ 1ರಂದು ಆರಂಭವಾದ ಅವಕಾಶ ಕಾರ್ಡ್. ತಾಯ್ನಾಡಿನಲ್ಲಿ ಸರ್ಕಾರದ ಮಾನ್ಯತೆ ಪಡೆದ, ಕನಿಷ್ಠ ಎರಡು ವರ್ಷ ಅವಧಿಯ ವೃತ್ತಿ ಶಿಕ್ಷಣ ಪೂರೈಸಿದವರು ಉದ್ಯೋಗ ಹುಡುಕಲು ಒಂದು ವರ್ಷದ ಅವಧಿಗೆ ಅಲ್ಲಿಗೆ ತೆರಳಬಹುದು. ಆರಂಭಿಕ ಮಟ್ಟದ ಜರ್ಮನ್ ಅಥವಾ ಬಿ2 ಮಟ್ಟದ ಇಂಗ್ಲಿಷ್, ವಯಸ್ಸು-ಅನುಭವಾದಿಗಳಿಂದ ಆರು ಅಂಕ ಹಾಗೂ ಜೀವನ ನಿರ್ವಹಣೆಗೆ ಹಣ ಇರುವುದನ್ನು ತೋರಿಸಬೇಕು. ಹುಡುಕಾಟದ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಅನುಮತಿಯಿದೆ.

ಕೆನಡಾ ಮತ್ತು ಬ್ರಿಟನ್

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಒಂಟಿ ಅರ್ಜಿದಾರರ ಎರಡು ವರ್ಷದ ಡಿಪ್ಲೊಮಾಕ್ಕೆ 98 ಅಂಕ, ಸ್ನಾತಕ ಪದವಿಗೆ 120 ಅಂಕ. ವ್ಯತ್ಯಾಸ 22 ಮಾತ್ರ. ಇಂಗ್ಲಿಷ್ ಪರೀಕ್ಷೆಯಲ್ಲಿ ನಾಲ್ಕೂ ಕೌಶಲಗಳಲ್ಲಿ ಒಂಬತ್ತನೇ ಮಟ್ಟ ತಲುಪಿದರೆ 124 ಅಂಕ ದೊರೆಯುವುದನ್ನು ಗಮನಿಸಿದರೆ, ಎಲ್ಲಿ ಶ್ರಮ ಹಾಕಬೇಕೆಂಬುದು ಸ್ಪಷ್ಟ. ಉದ್ಯೋಗದ ಭರವಸೆಗೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್ 25ರಿಂದ ರದ್ದುಪಡಿಸಲಾಗಿದೆ. ಆ ಅಂಕಗಳ ಆಸೆ ತೋರಿಸಿ ಉದ್ಯೋಗ ಪತ್ರ ಮಾರುವವರನ್ನು ನಂಬಬಾರದು.

ಬ್ರಿಟನ್ನಿನ ಕುಶಲ ಕಾರ್ಮಿಕ ವೀಸಾ ಅಳೆಯುವುದು ಮುಖ್ಯವಾಗಿ ಹುದ್ದೆಯ ಮಟ್ಟವನ್ನೇ ಹೊರತು ಅಭ್ಯರ್ಥಿಯ ಪದವಿಯನ್ನಲ್ಲ. 2025ರ ಜುಲೈ 22ರಿಂದ ಹುದ್ದೆ ಪದವಿ ಮಟ್ಟದ್ದಾಗಿರಬೇಕೆಂದು ನಿಯಮ ಬಿಗಿಗೊಂಡಿತಾದರೂ, ತಂತ್ರಾಂಶ ಅಭಿವೃದ್ಧಿಯಂಥ ಹುದ್ದೆಗಳು ಪಟ್ಟಿಯಲ್ಲಿ ಉಳಿದವು. ಸಾಮಾನ್ಯ ವೇತನ ಮಿತಿ 41,700 ಪೌಂಡ್‌ಗೆ ಏರಿತು. ಹುದ್ದೆಯ ಪ್ರಚಲಿತ ವೇತನ ಅದಕ್ಕಿಂತ ಹೆಚ್ಚಿದ್ದರೆ ಅದೇ ಅನ್ವಯ. ಪರವಾನಗಿ ಪಡೆದ ಸಂಸ್ಥೆಯ ಪ್ರಾಯೋಜಕತ್ವ ಕಡ್ಡಾಯ.

ದಾಖಲೆಯೇ ಬಲ

ಅನುಭವವೇ ಪದವಿಯ ಸ್ಥಾನ ತುಂಬಬೇಕಾದಾಗ ಅನುಭವ ಪತ್ರವೇ ಅಂಕಪಟ್ಟಿಯಾಗುತ್ತದೆ. 'ಇಂಥವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ' ಎಂಬ ಒಂದು ಸಾಲಿನ ಪತ್ರದಿಂದ ಪ್ರಯೋಜನವಿಲ್ಲ. ಹುದ್ದೆ, ಅವಧಿ, ವಾರದ ಗಂಟೆಗಳು, ಬಳಸಿದ ತಂತ್ರಜ್ಞಾನ, ನಿರ್ವಹಿಸಿದ ಹೊಣೆ ಎಲ್ಲವೂ ಅದರಲ್ಲಿರಬೇಕು. ಸಣ್ಣ ಸಂಸ್ಥೆಗಳು ಮುಚ್ಚಿಹೋದರೆ ಪತ್ರ ನೀಡುವವರೇ ಇರುವುದಿಲ್ಲ. ಆದ್ದರಿಂದ ಕೆಲಸ ಬಿಡುವ ದಿನವೇ ಅದನ್ನು ಪಡೆಯುವುದು ಜಾಣತನ. ವೇತನ ಚೀಟಿ, ಫಾರ್ಮ್ 16, ಭವಿಷ್ಯ ನಿಧಿ ವಿವರಗಳು ಪೂರಕ ಸಾಕ್ಷ್ಯಗಳಾಗುತ್ತವೆ. ಪದವಿಯೇ ಬೇಕೆನ್ನುವವರು ಡಿಸಿಇಟಿ ಮೂಲಕ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು.

ನಕಲಿ ಪದವಿಯ ದಾರಿ ಮಾತ್ರ ಸಲ್ಲದು. ಸುಳ್ಳು ದಾಖಲೆ ನೀಡಿ ಸಿಕ್ಕಿಬಿದ್ದವರಿಗೆ ಕೆನಡಾ ಐದು ವರ್ಷ ಪ್ರವೇಶ ನಿರಾಕರಿಸುತ್ತದೆ. ಅಮೆರಿಕದಲ್ಲಿ ಆ ನಿರ್ಬಂಧ ಜೀವನಪರ್ಯಂತದ್ದು.

ಮಧ್ಯವರ್ತಿಗಳ ಬಗ್ಗೆ ಎಚ್ಚರ

ವಿದೇಶದ ಉದ್ಯೋಗಕ್ಕೆ ನೇಮಕಾತಿ ನಡೆಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಅವರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಏಜೆಂಟರ ನೋಂದಣಿಯನ್ನು ಕೇಂದ್ರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಬಹುದು.

ಥಾಯ್ಲೆಂಡ್‌ನಲ್ಲಿ ತಂತ್ರಜ್ಞಾನ ಉದ್ಯೋಗದ ಆಮಿಷ ಒಡ್ಡಿ ಯುವಕರನ್ನು ಮ್ಯಾನ್ಮಾರ್‌ಗೆ ಸಾಗಿಸುವ ಜಾಲದ ಕುರಿತು ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ಆದರೂ ಅಲ್ಲಿನ ಸೈಬರ್ ವಂಚನಾ ಕೇಂದ್ರಗಳಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಸಂದರ್ಶನವೇ ಇಲ್ಲದ ನೇಮಕಾತಿ, ಪ್ರವಾಸಿ ವೀಸಾದಲ್ಲಿ ಕೆಲಸ, ಕೆಲಸಕ್ಕೆ ಹೊಂದದ ಭಾರೀ ವೇತನ – ಇವು ಮೂರೂ ಅಪಾಯದ ಗುರುತುಗಳು.

ವಲಸೆ ನಿಯಮಗಳು ಪದೇ ಪದೇ ಬದಲಾಗುತ್ತವೆ. ಅರ್ಜಿ ಸಲ್ಲಿಸುವ ಮುನ್ನ ಆಯಾ ದೇಶದ ಸರ್ಕಾರಿ ತಾಣದಲ್ಲಿ ಅಂದಿನ ವೇತನ ಮಿತಿ, ಶುಲ್ಕ ಹಾಗೂ ಅರ್ಹತೆಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಕೈಯಲ್ಲಿರುವ ಡಿಪ್ಲೊಮಾ ಚಿಕ್ಕದೆಂದು ಕೊರಗುವುದಕ್ಕಿಂತ, ಅದರ ಮೇಲೆ ಗಳಿಸಿದ ಅನುಭವವನ್ನು ದಾಖಲೆಯಾಗಿಸಿಕೊಳ್ಳುವುದು ಮೊದಲ ಹೆಜ್ಜೆ.