ಕೋಲಾರದ ಅಂತರ್ಜಲದಲ್ಲಿ ನೈಟ್ರೇಟ್: ಕ್ಲೋರೈಡ್ ಸಾಕ್ಷ್ಯದ ಪರಿಶೀಲನೆ

ಹೊಲಕ್ಕೆ ಹಾಕಿದ ಯೂರಿಯಾದ ಸಾರಜನಕವೆಲ್ಲವನ್ನೂ ಬೆಳೆಯು ಹೀರಿಕೊಳ್ಳದೆಂಬುದೂ, ಉಳಿದ ಅಂಶದಲ್ಲಿ ಒಂದು ಭಾಗವು ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟಾಗಿ ಪರಿಣಮಿಸಿ, ಋಣಾವೇಶವುಳ್ಳದ್ದಾದ ಕಾರಣ ಜೇಡಿಯ ಕಣಗಳಿಗೆ ಅಂಟದೆ ನೀರಿನೊಡನೆ ಕೆಳಗಿಳಿಯುವುದೆಂಬುದೂ ಈಗ ವಿವಾದಾತೀತ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬ ಭಾರತೀಯ ಮಾನಕವನ್ನು ಕೋಲಾರ ಜಿಲ್ಲೆಯ ಅನೇಕ ಬಾವಿಗಳು ದಾಟಿವೆ; ಅಂಥ ನೀರು ಎಳೆಗೂಸುಗಳ ರಕ್ತದ ಪ್ರಾಣವಾಯು ವಹನಶಕ್ತಿಯನ್ನು ಕುಗ್ಗಿಸಬಲ್ಲದು. ವಿವಾದವಿರುವುದು ಮೂಲದ ವಿಷಯದಲ್ಲಿ.

ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮುಳಬಾಗಿಲು ಪಟ್ಟಣದ ಅಂತರ್ಜಲವನ್ನು ಪರೀಕ್ಷಿಸಿ, ನೈಟ್ರೇಟಿಗೆ ಅಲ್ಲಿಯ ಗುಂಡಿ ಶೌಚಾಲಯಗಳೇ ಕಾರಣವೆಂದು ತೋರಿಸಿದರು. ಪಟ್ಟಣದ ಮಟ್ಟಿಗೆ ಆ ನಿರ್ಣಯ ಸಮಂಜಸವಾದುದು. ಆದರೆ ನೈಟ್ರೇಟಿನೊಡನೆ ಕ್ಲೋರೈಡೂ ಹೆಚ್ಚಿರುವಲ್ಲೆಲ್ಲ ಅದು ಮಲಮೂತ್ರದ ಗುರುತೆಂದೂ, ಯೂರಿಯಾದಲ್ಲಿ ಕ್ಲೋರೈಡ್ ಇಲ್ಲವಾದ್ದರಿಂದ ರಸಗೊಬ್ಬರವು ನಿರ್ದೋಷಿಯೆಂದೂ ಹೊಲದ ಬಾವಿಗಳ ವಿಷಯದಲ್ಲಿಯೂ ವಾದಿಸುವುದನ್ನು ನಾನು ಒಪ್ಪಲಾರೆ.

ಏಕೆಂದರೆ ಟೊಮೇಟೊ, ಆಲೂಗೆಡ್ಡೆಯ ಹೊಲಕ್ಕೆ ಯೂರಿಯಾ ಒಂದೇ ಬೀಳುವುದಿಲ್ಲ. ರೈತರು ಪೊಟ್ಯಾಷ್ ಎಂದು ಕೊಳ್ಳುವ ಕೆಂಪು ಹರಳು ಬಹುಮಟ್ಟಿಗೆ ಪೊಟ್ಯಾಸಿಯಂ ಕ್ಲೋರೈಡ್; ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಲೋರೈಡೇ. ಗಿಡದ ಬುಡಕ್ಕೆ ಎರಡನ್ನೂ ಬೆರೆಸಿ ಹಾಕಿ ನೀರು ಬಿಟ್ಟಾಗ, ಪೊಟ್ಯಾಸಿಯಂ ಬಹುಪಾಲು ಜೇಡಿಯಲ್ಲಿ ತಡೆದು ನಿಲ್ಲುವುದು. ಕ್ಲೋರೈಡ್ ಒಡನೆಯೂ, ಯೂರಿಯಾದಿಂದ ಹುಟ್ಟಿದ ನೈಟ್ರೇಟ್ ಕೆಲವು ದಿನಗಳ ಅನಂತರವೂ ಒಂದೇ ದಾರಿ ಹಿಡಿದು ಕೆಳಗಿಳಿಯುವುವು. ಹೀಗಿರಲು, ಹೊಲದ ಕೊಳವೆಬಾವಿಯಲ್ಲಿ ಇವೆರಡೂ ಕೂಡಿ ಏರಿದ್ದರೆ, ಅದು ಶೌಚಾಲಯಕ್ಕೆ ಎಷ್ಟು ಸಾಕ್ಷಿಯೋ ಗೊಬ್ಬರದ ಚೀಲಕ್ಕೂ ಅಷ್ಟೇ ಸಾಕ್ಷಿ.

ಈ ಮಾತಿಗೆ ಮಿತಿಗಳುಂಟು. ಪೊಟ್ಯಾಷ್ ಬಳಸದ ರಾಗಿಯ ಹೊಲಕ್ಕೆ ಇದು ಅನ್ವಯಿಸದು. ತಿಪ್ಪೆಯ ಪಕ್ಕದ ಬಾವಿಗೆ ಹಳೆಯ ವಿವರಣೆಯೇ ಬಹುಶಃ ಸಾಕು. ಸಾರಜನಕದ ಭಾರ ಸಮಸ್ಥಾನಿಯನ್ನು ಅಳೆದು ಮೂಲವನ್ನು ಬೇರ್ಪಡಿಸಬಹುದಾದರೂ, ಕ್ಷಾರಮಣ್ಣಿನಲ್ಲಿ ಯೂರಿಯಾದ ಒಂದಂಶ ಅಮೋನಿಯಾ ಅನಿಲವಾಗಿ ಹಾರಿಹೋದ ಮೇಲೆ ಉಳಿದ ಸಾರಜನಕದಲ್ಲಿ ಭಾರ ಸಮಸ್ಥಾನಿಯ ಪ್ರಮಾಣ ಹೆಚ್ಚಿ, ಕೊಟ್ಟಿಗೆಗೊಬ್ಬರದ್ದನ್ನು ಹೋಲತೊಡಗುವುದರಿಂದ ಆ ಪರೀಕ್ಷೆಯೂ ನಿರ್ಣಾಯಕವೆನಿಸದು.

2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದರಿಂದ ನೈಟ್ರೇಟಿಗೂ ಕ್ಲೋರೈಡಿಗೂ ಮೂರನೆಯ ಮೂಲವೊಂದು ಸೇರಿಕೊಂಡಿದೆ; ಅದರ ಪಾಲೆಷ್ಟೆಂಬ ಪ್ರಶ್ನೆ ಇಲ್ಲಿ ಬಗೆಹರಿದಿಲ್ಲ. ಬಾವಿಯ ನೀರನ್ನು ಪರೀಕ್ಷಿಸುವವರು, ಸುತ್ತಣ ಹೊಲಕ್ಕೆ ಆ ವರ್ಷ ಯಾವ ಗೊಬ್ಬರ ಎಷ್ಟು ಬಿದ್ದಿತೆಂಬುದನ್ನೂ ಪ್ರತಿ ಮಾದರಿಯೊಡನೆ ದಾಖಲಿಸಬೇಕೆಂದು ನನ್ನ ವಿನಂತಿ.